ಕೊಮೊಡೊಗೆ ಹೊರಟಿರುವ ಮನೆಮಂದಿಗೆ

ರಜೆ ಬಂತೆಂದರೆ ಮಕ್ಕಳನ್ನು ಕಟ್ಟಿಕೊಂಡು ಬಾಲಿಗೆ ಹೊರಡುವ ಕನ್ನಡದ ಕುಟುಂಬಗಳು ಈಗ ಕಡಿಮೆಯಿಲ್ಲ. ಬೆಂಗಳೂರಿನಿಂದ ನೇರ ವಿಮಾನ ಶುರುವಾದ ಮೇಲೆ ಬಾಲಿಯಿಂದಾಚೆಗೂ ಹೋಗಿಬರೋಣ ಎನ್ನುವವರು ಹೆಚ್ಚಿದ್ದಾರೆ. ಡೆನ್‌ಪಸಾರ್‌ನಲ್ಲಿ ಇನ್ನೊಂದು ವಿಮಾನ ಹತ್ತಿದರೆ ಗಂಟೆ ಚಿಲ್ಲರೆಯಲ್ಲಿ ಫ್ಲೋರೆಸ್ ದ್ವೀಪದ ಪಶ್ಚಿಮದ ತುದಿ, ಲಬುವಾನ್ ಬಾಜೊ. ಅಲ್ಲಿಂದ ಮರದ ಹಡಗಿನಲ್ಲಿ ಎರಡು ಮೂರು ದಿನ ಸಮುದ್ರದ ಮೇಲೆ. ನಡುವೆ ಒಂದು ಬೆಳಗ್ಗೆ ಗೈಡ್ ಜೊತೆ ಕಾಡುನಡಿಗೆ, ಕೊಮೊಡೊ ಡ್ರ್ಯಾಗನ್ ಎಂಬ ದೈತ್ಯ ಹಲ್ಲಿಯನ್ನು ನೋಡುವುದಕ್ಕೆ. ಹೋಗಬೇಡಿ ಅನ್ನಲು ನಾನಿದನ್ನು ಬರೆಯುತ್ತಿಲ್ಲ. ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಅಲ್ಲಿ ಹೋದ ಮೇಲೆ ಮಾತ್ರ ಹಠ ಹಿಡಿಯಬೇಡಿ. ನನ್ನ ಮನವಿ ಇಷ್ಟೇ.

ಯಾವ ಹಠ ಎಂದು ಕೇಳುತ್ತೀರಿ. ಕೊಮೊಡೊ ದ್ವೀಪದ ಲೋಹ್ ಲಿಯಾಂಗ್‌ನಲ್ಲಾಗಲಿ ರಿಂಚಾ ದ್ವೀಪದ ಲೋಹ್ ಬುವಾಯದಲ್ಲಾಗಲಿ ದೋಣಿಯಿಂದ ಇಳಿದೊಡನೆ ಒಬ್ಬರು ಗೈಡ್ ಜೊತೆಯಾಗುತ್ತಾರೆ. ಅವರ ಕೈಯಲ್ಲಿರುವುದು ತುದಿ ಕವಲಾದ ಒಂದು ಉದ್ದನೆಯ ಕೋಲು. ಬಂದೂಕು ಇಲ್ಲ, ಬೇಲಿಯೂ ಇಲ್ಲ. ಮೂರು ಮೀಟರ್ ಉದ್ದ, ಎಪ್ಪತ್ತು ಕಿಲೋಗೂ ಮೀರಿ ತೂಗಬಲ್ಲ ಪ್ರಾಣಿಗೂ ನಿಮ್ಮ ಮಗುವಿಗೂ ನಡುವೆ ಇರುವುದು ಆ ಕೋಲು ಮತ್ತು ಅದನ್ನು ಹಿಡಿದವರ ಕಣ್ಣಳತೆ. ಅಂಥವರ ಬಳಿ ನಮ್ಮವರು ಏನು ಕೇಳುತ್ತಾರೆ? ‘ಅದು ಮಲಗೇ ಇದೆಯಲ್ಲ, ಸ್ವಲ್ಪ ತಿವಿಯಿರಿ, ಏಳಲಿ.’ ‘ಇನ್ನೊಂದು ಹೆಜ್ಜೆ ಹತ್ತಿರ ಹೋಗೋಣ.’ ‘ಮಗುವನ್ನು ಅದರ ಹಿಂದೆ ನಿಲ್ಲಿಸಿ ಒಂದು ಫೋಟೊ ತೆಗೆದುಕೊಡಿ.’ ಟಿಪ್ಸ್ ನೆಚ್ಚಿಕೊಂಡಿರುವ ಮನುಷ್ಯನಿಗೆ ಇಲ್ಲ ಅನ್ನುವುದು ಸುಲಭವಲ್ಲ. ಇಷ್ಟು ದೂರ ಬಂದಿದ್ದೇವೆ, ದುಡ್ಡು ಕೊಟ್ಟಿದ್ದೇವೆ ಎಂಬ ನಮ್ಮ ಒತ್ತಾಯಕ್ಕೆ ಅವರು ಮಣಿದರೆ ತಪ್ಪು ಅವರದಲ್ಲ, ನಮ್ಮದು.

ಊರಿನವರು ಓರಾ ಎಂದು ಕರೆಯುವ ಈ ಪ್ರಾಣಿ ಹಗಲೆಲ್ಲ ಬಿದ್ದುಕೊಂಡಿರುವುದನ್ನು ನೋಡಿ ಸೋಮಾರಿ ಅಂದುಕೊಳ್ಳಬೇಡಿ. ಬೆಳಗಿನ ಬಿಸಿಲಲ್ಲಿ ಮೈ ಕಾಯಿಸಿಕೊಳ್ಳುವುದು, ಬಿಸಿಲೇರಿದಾಗ ನೆರಳಿಗೆ ಸರಿಯುವುದು, ಶಕ್ತಿ ಉಳಿಸಿಕೊಳ್ಳುವುದು ಅದರ ಬದುಕಿನ ಕ್ರಮ. ವರ್ಷಕ್ಕೆ ಹತ್ತು ಹನ್ನೆರಡು ಸಲ ಹೊಟ್ಟೆ ತುಂಬ ಸಿಕ್ಕರೂ ಅದು ಬದುಕಬಲ್ಲದು. ಕವಲು ನಾಲಿಗೆ ಚಾಚಿ ಕಿಲೋಮೀಟರುಗಟ್ಟಲೆ ದೂರದ ಹೆಣದ ವಾಸನೆ ಹಿಡಿಯುತ್ತದೆ. ಬೇಟೆಯ ಹೊತ್ತಿಗೆ ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ನುಗ್ಗುತ್ತದೆ. ಮಕ್ಕಳಿರಲಿ, ನಮ್ಮ ನಿಮ್ಮಂಥ ದೊಡ್ಡವರೂ ಓಡಿ ತಪ್ಪಿಸಿಕೊಳ್ಳುವುದು ಕಷ್ಟ. ಅದರ ಬಾಯಿಯ ಕೊಳಕು ಬ್ಯಾಕ್ಟೀರಿಯಾದಿಂದಲೇ ಬೇಟೆ ಸಾಯುತ್ತದೆ ಎಂದು ಬಹುಕಾಲ ನಂಬಿದ್ದರು. ಕೆಳದವಡೆಯಲ್ಲಿ ವಿಷಗ್ರಂಥಿಗಳಿವೆ, ಆ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ ಎಂದು 2009ರಲ್ಲಿ ವಿಜ್ಞಾನಿ ಬ್ರಯನ್ ಫ್ರೈ ಮತ್ತು ಸಂಗಡಿಗರು ತೋರಿಸಿದರು. 2007ರಲ್ಲಿ ಕೊಮೊಡೊ ದ್ವೀಪದ ಎಂಟು ವರ್ಷದ ಹುಡುಗನೊಬ್ಬ ಓರಾ ದಾಳಿಗೆ ಬಲಿಯಾದ. 2017ರಲ್ಲಿ ಗೈಡ್ ಇಲ್ಲದೆ ಹತ್ತಿರ ಹೋಗಿ ಫೋಟೊ ತೆಗೆಯುತ್ತಿದ್ದ ಸಿಂಗಪುರದ ಪ್ರವಾಸಿಯೊಬ್ಬರ ಕಾಲಿಗೆ ಕಚ್ಚಿತು. ಸ್ಪೀಡ್‌ಬೋಟಿನಲ್ಲಿ ಲಬುವಾನ್ ಬಾಜೊದ ಆಸ್ಪತ್ರೆಗೆ ಸಾಗಿಸಬೇಕಾಯಿತು. ಇಂಥ ದಾಳಿಗಳು ಅಪರೂಪ. ಗೈಡ್ ಮಾತು ಕೇಳುವವರು ಹೆಚ್ಚಿರುವುದರಿಂದಲೇ ಅಪರೂಪ.

ಆದ್ದರಿಂದ ಕಾಡುದಾರಿಯಲ್ಲಿ ಮಕ್ಕಳು ಸಾಲಿನ ನಡುವೆ ಇರಲಿ. ಮುಂದೆ ಗೈಡ್, ಹಿಂದೆ ನೀವು. ಕೈ ಬಿಡಿಸಿಕೊಂಡು ಓಡುವ ವಯಸ್ಸಿನ ಮಗುವಿದ್ದರೆ ಚಿಕ್ಕ ದಾರಿಯನ್ನೇ ಆರಿಸಿ; ಮೂರು ನಾಲ್ಕು ಅಳತೆಯ ದಾರಿಗಳಿವೆ. ಚೀಲದಲ್ಲಿರುವ ಚಕ್ಕುಲಿ, ಕೋಡುಬಳೆ, ಬಾಳೆಹಣ್ಣು ಹಡಗಿನಲ್ಲೇ ಉಳಿಯಲಿ. ಯಾರಿಗಾದರೂ ಗಾಯವಾಗಿದ್ದರೆ, ಮುಟ್ಟಾಗಿದ್ದರೆ ಗೈಡ್‌ಗೆ ಮೊದಲೇ ತಿಳಿಸಬೇಕೆಂದು ಅಲ್ಲಿ ಕೇಳುತ್ತಾರೆ. ಅಕ್ಕತಂಗಿಯರೇ, ನಾಚಿಕೆಪಟ್ಟುಕೊಂಡು ಸುಮ್ಮನಿರಬೇಡಿ. ಅದು ಅವರ ಪಾಲಿಗೆ ದಿನನಿತ್ಯದ ಪ್ರಶ್ನೆ. ಉತ್ತರ ಸಿಕ್ಕರೆ ನಿಮ್ಮ ಪಕ್ಕದಲ್ಲೇ ನಡೆಯುತ್ತಾರೆ.

ಯಾವ ತಿಂಗಳಲ್ಲಿ ಹೋಗುತ್ತೀರಿ ಎಂಬುದೂ ಮುಖ್ಯ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಅಲ್ಲಿ ಮಳೆಗಾಲ, ಸಮುದ್ರ ಒರಟು. ಜುಲೈ, ಆಗಸ್ಟ್ ಓರಾಗಳು ಕೂಡುವ ಕಾಲ, ಆಗ ಅವು ಕಣ್ಣಿಗೆ ಬೀಳುವುದು ಕಡಿಮೆ. ನಮ್ಮ ದಸರಾ ರಜೆಯ ಹೊತ್ತಿಗೆ ತಾಯಿ ಓರಾ ಗೂಡು ಕಾಯುತ್ತಿರುತ್ತದೆ. ಸೆಪ್ಟೆಂಬರ್ ಆಸುಪಾಸಿನಲ್ಲಿ, ಹೆಚ್ಚಾಗಿ ಕಾಡುಕೋಳಿಯಂಥ ಮೆಗಾಪೋಡ್ ಹಕ್ಕಿ ಗುಡ್ಡೆ ಹಾಕಿದ ಎಲೆಮಣ್ಣಿನಲ್ಲಿ, ಇಪ್ಪತ್ತರಷ್ಟು ಮೊಟ್ಟೆ ಇಡುತ್ತದೆ. ಏಳೆಂಟು ತಿಂಗಳ ಮೇಲೆ ಹೊರಬಂದ ಮರಿಗಳು ಮರ ಹತ್ತುತ್ತವೆ. ಕೆಳಗಿದ್ದರೆ ದೊಡ್ಡ ಓರಾಗಳೇ ತಿಂದುಬಿಡುತ್ತವೆ. ಅಂದರೆ ನಮ್ಮ ಬೇಸಿಗೆ ರಜೆಯಲ್ಲಿ ಹೋದವರು ಮರದ ತೊಗಟೆಯ ಮೇಲೆ ಹಳದಿ ಚುಕ್ಕೆಯ ಮರಿ ಕಾಣುವ ಅದೃಷ್ಟವಂತರೂ ಆಗಬಹುದು. ದೊಡ್ಡದನ್ನು ಹುಡುಕುವ ಭರದಲ್ಲಿ ತಲೆಯೆತ್ತಿ ನೋಡುವುದನ್ನು ಮರೆಯಬೇಡಿ.

ಒಂದು ಕಾಲದಲ್ಲಿ ಅಲ್ಲಿ ಪ್ರವಾಸಿಗರ ಮುಂದೆ ಆಡು ಹಾಕಿ ಓರಾಗಳನ್ನು ಸೇರಿಸುತ್ತಿದ್ದರು. ಹಾಗೆ ಬಿಟ್ಟಿ ಊಟಕ್ಕೆ ಒಗ್ಗಿಕೊಂಡವು ಬೇಟೆ ಮರೆತು ಮನುಷ್ಯರ ಸುತ್ತಲೇ ಸುಳಿದಾಡತೊಡಗಿದ್ದರಿಂದ 1990ರ ದಶಕದಲ್ಲಿ ಅದನ್ನು ನಿಲ್ಲಿಸಿದರು. ಇಂದಿಗೂ ಪ್ರವಾಸಿಗರು ಓಡಾಡುವ ಕಡೆಯ ಓರಾಗಳಿಗೆ ಮನುಷ್ಯರ ಅಂಜಿಕೆ ಕಡಿಮೆ. ಅಡುಗೆಮನೆಗಳ ವಾಸನೆಗೆ ಬಂದು ಕಂಬದ ಮನೆಗಳ ಕೆಳಗೆ ಮಲಗಿರುತ್ತವೆ. ಅಂಜಿಕೆ ಹೋದ ಕಾಡುಪ್ರಾಣಿ ತನಗೂ ಅಪಾಯ, ಊರಿನ ಮಕ್ಕಳಿಗೂ ಅಪಾಯ. ಕೊಮೊಡೊ ರಾಷ್ಟ್ರೀಯ ಉದ್ಯಾನದೊಳಗೆ ಉಳಿದಿರುವುದು ಸುಮಾರು 3,000 ಓರಾಗಳು. ಅದರಾಚೆ ಫ್ಲೋರೆಸ್‌ನ ಕೆಲವು ಕಡೆ ಒಂದಿಷ್ಟು. ಜಗತ್ತಿನ ಬೇರಾವ ಕಾಡಿನಲ್ಲೂ ಇಲ್ಲ. ಪಾದಾರ್ ದ್ವೀಪದಲ್ಲಿದ್ದವು 1970ರ ದಶಕದಲ್ಲಿ ಇಲ್ಲವಾದವು. ಕಳ್ಳಬೇಟೆಗಾರರು ಅಲ್ಲಿನ ಜಿಂಕೆಗಳನ್ನು ಬರಿದು ಮಾಡಿದ್ದರು. ಸಮುದ್ರ ಏರುತ್ತಿದೆ, ಬಿಸಿ ಏರುತ್ತಿದೆ ಎಂಬ ಕಾರಣಕ್ಕೆ 2021ರಲ್ಲಿ ಪ್ರಕೃತಿ ಸಂರಕ್ಷಣೆಯ ಜಾಗತಿಕ ಒಕ್ಕೂಟ ಐಯುಸಿಎನ್ ಇವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ಹಡಗಿನ ವಿಷಯಕ್ಕೆ ಬರುತ್ತೇನೆ. ಹಠ ಅತಿ ದುಬಾರಿಯಾಗುವುದು ಅಲ್ಲಿಯೇ. ಪೆಸಿಫಿಕ್‌ನ ನೀರು ಹಿಂದೂ ಮಹಾಸಾಗರಕ್ಕೆ ಹರಿಯುವ ದಾರಿಯಲ್ಲಿ ಈ ದ್ವೀಪಗಳಿವೆ. ಇಕ್ಕಟ್ಟಾದ ಜಲಸಂಧಿಗಳಲ್ಲಿ ಸೆಳೆತ ನದಿಯ ಮಡುವಿನಂತೆ ಸುಳಿ ಹಾಕುತ್ತದೆ. ಹವೆ ಕೆಟ್ಟಾಗ ಬಂದರಿನ ಅಧಿಕಾರಿಗಳು ಹಡಗು ಬಿಡುವುದನ್ನು ನಿಲ್ಲಿಸುತ್ತಾರೆ. ಆಗ ‘ನಮ್ಮ ರಿಟರ್ನ್ ಟಿಕೆಟ್ ನಾಡಿದ್ದು’ ಎಂದು ಕ್ಯಾಪ್ಟನ್ ಮೇಲೆ ಒತ್ತಡ ಹಾಕಬೇಡಿ. 2014ರ ಆಗಸ್ಟ್‌ನಲ್ಲಿ ಲೊಂಬೊಕ್‌ನಿಂದ ಕೊಮೊಡೊ ಕಡೆಗೆ ಹೊರಟಿದ್ದ ಪ್ರವಾಸಿ ದೋಣಿ ಮುಳುಗಿತು. 25 ಜನರಲ್ಲಿ 23 ಮಂದಿ ಬದುಕಿ ಬಂದರು. ನಿಮ್ಮ ಯೋಜನೆಯಲ್ಲೇ ಒಂದೆರಡು ಖಾಲಿ ದಿನ ಇಟ್ಟುಕೊಳ್ಳಿ. ಬುಕ್ ಮಾಡುವ ಮೊದಲು ಕೇಳಿ: ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ? ರೇಡಿಯೊ ಕೆಲಸ ಮಾಡುತ್ತದೆಯೇ? ರಾತ್ರಿ ಹಡಗು ನಡೆಸುತ್ತೀರೋ, ನಿಲ್ಲಿಸುತ್ತೀರೋ? ನಿಲ್ಲಿಸುವಾಗ ಹವಳದ ಮೇಲೆ ಲಂಗರು ಇಳಿಸುತ್ತೀರೋ, ತೇಲುಗುಂಡಿಗೆ ಕಟ್ಟುತ್ತೀರೋ? ಅಗ್ಗವೆಂದು ಆರಿಸುವ ಮೊದಲು ಈ ನಾಲ್ಕು ಪ್ರಶ್ನೆಗಳಿಗೆ ನೇರ ಉತ್ತರ ಪಡೆಯಿರಿ.

ಒಂದೇ ದಿನದಲ್ಲಿ ಸ್ಪೀಡ್‌ಬೋಟಿನಲ್ಲಿ ಆರು ಜಾಗ ತೋರಿಸುವ ಪ್ಯಾಕೇಜುಗಳೂ ಇವೆ. ದಯವಿಟ್ಟು ಅವನ್ನು ಬಿಡಿ. ಅವುಗಳಲ್ಲಿ ಓರಾ ಸಿಗುವುದು ಬಿಸಿಲೇರಿದ ಮೇಲೆ, ಗಡಿಬಿಡಿಯ ಒಂದು ಗಂಟೆ; ತಿವಿದು ಎಬ್ಬಿಸುವ ಆಸೆ ಹುಟ್ಟುವುದು ಆ ಗಡಿಬಿಡಿಯಲ್ಲೇ. ಸಂಸಾರ ಸಮೇತ ಹೋಗುವವರಿಗೆ ಪಿನಿಸಿ ಹಡಗಿನಲ್ಲಿ ಎರಡು ರಾತ್ರಿ ಸರಿಯಾದ ಅಳತೆ. ದಕ್ಷಿಣ ಸುಲವೆಸಿಯ ಬಡಗಿಗಳು ಕಡಲದಂಡೆಯಲ್ಲೇ ಮರ ಜೋಡಿಸಿ ಕಟ್ಟುವ ಈ ಹಡಗಿನ ವಿದ್ಯೆ 2017ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ. ಹಡಗಿನ ಹುಡುಗರನ್ನು ಕೇಳಿದರೆ ಯಾವ ಊರಿನ ಹಡಗು, ಯಾವ ಮರ ಎಂದು ಖುಷಿಯಿಂದ ಹೇಳುತ್ತಾರೆ. ಸಸ್ಯಾಹಾರಿಗಳಾಗಿದ್ದರೆ ಮುಂಚೆಯೇ ಸ್ಪಷ್ಟವಾಗಿ ತಿಳಿಸಿ, ಸಾಂಬಲ್ ಚಟ್ನಿಯಲ್ಲಿ ಸಿಗಡಿ ಸೇರಿರುತ್ತದೆ. ತೆಂಪೆ, ತೋಫು, ಅನ್ನ, ತರಕಾರಿಗೆ ಕೊರತೆಯಿಲ್ಲ. ಕಸವನ್ನು ಹಿಂದಕ್ಕೆ ತನ್ನಿ. ಅಲ್ಲಿನ ಕಡಲದಂಡೆಯ ಗುಲಾಬಿ ಮರಳನ್ನು ಸೀಸೆಗೆ ತುಂಬಬೇಡಿ. ಮಳೆಯಿಲ್ಲದ ತಿಂಗಳುಗಳಲ್ಲಿ ದ್ವೀಪಗಳ ಗುಡ್ಡದ ಹುಲ್ಲು ಒಣಗಿ ನಿಂತಿರುತ್ತದೆ. 2018ರಲ್ಲಿ ಅಲ್ಲಿನ ಗಿಲಿ ಲಾವಾ ದ್ವೀಪದ ಗುಡ್ಡ ಹೊತ್ತಿ ಉರಿದದ್ದನ್ನು ನೆನೆದು ಬೀಡಿ ಸಿಗರೇಟು ಹಡಗಿನಲ್ಲೇ ಬಿಟ್ಟು ಇಳಿಯಿರಿ.

ಕೊಮೊಡೊ ದ್ವೀಪದಲ್ಲಿ ಒಂದು ಊರೂ ಇದೆ ಎಂಬುದನ್ನು ಎಷ್ಟೋ ಪ್ರವಾಸಿಗರು ಗಮನಿಸದೆಯೇ ಮರಳುತ್ತಾರೆ. ಅಲ್ಲಿನವರ ಪುರಾಣದಲ್ಲಿ ಒಬ್ಬಳೇ ತಾಯಿಗೆ ಅವಳಿ ಹುಟ್ಟುತ್ತವೆ. ಒಂದು ಮನುಷ್ಯ ಮಗು, ಇನ್ನೊಂದು ಓರಾ. ಒಡಹುಟ್ಟಿದ್ದೆಂದು ನಂಬಿ, ಬೇಟೆಯಾಡಿದ ಜಿಂಕೆಯ ಪಾಲನ್ನು ಓರಾಗೂ ಬಿಡುತ್ತಿದ್ದ ಜನ ಅವರು. 1980ರಲ್ಲಿ ಉದ್ಯಾನವಾದ ಮೇಲೆ ಬೇಟೆ ನಿಂತಿತು, ಹಲವು ಕಡೆ ಮೀನುಗಾರಿಕೆಗೂ ತಡೆ ಬಂತು. ಈಗ ಅವರ ಅನ್ನ ಮರದ ಕೆತ್ತನೆ, ಗೈಡ್ ಕೆಲಸ, ದೋಣಿ. 2019ರಲ್ಲಿ ಪ್ರಾಂತ್ಯದ ಸರ್ಕಾರ ದ್ವೀಪವನ್ನೇ ಮುಚ್ಚಿ ಅವರನ್ನು ಬೇರೆಡೆ ಸಾಗಿಸುವ ಮಾತಾಡಿತು. ವಿರೋಧ ಬಂದು ಕೈಬಿಟ್ಟಿತು. 2022ರಲ್ಲಿ ಪ್ರವೇಶ ಶುಲ್ಕವನ್ನು 37.5 ಲಕ್ಷ ರುಪಿಯಾಗೆ, ನಮ್ಮ ಲೆಕ್ಕದಲ್ಲಿ ಸುಮಾರು 20,000 ರೂಪಾಯಿಗೆ, ಏರಿಸಲು ಹೊರಟಾಗ ಪ್ರವಾಸೋದ್ಯಮದ ಕೆಲಸಗಾರರು ಮುಷ್ಕರ ಹೂಡಿದರು, ಅದೂ ರದ್ದಾಯಿತು. ಕೆತ್ತನೆ ಕೊಳ್ಳುವುದಾದರೆ ವಿಮಾನ ನಿಲ್ದಾಣದಲ್ಲಿ ಬೇಡ, ಆ ಊರಿನವರ ಅಂಗಡಿಯಲ್ಲೇ ಕೊಳ್ಳಿ. ಚೌಕಾಸಿಯನ್ನು ಒಂದು ಮಿತಿಯಲ್ಲಿಡಿ. ಗೈಡ್‌ಗೆ ಟಿಪ್ಸ್ ಕೊಡುವಾಗ, ಹತ್ತಿರ ಬಿಡದಿದ್ದಕ್ಕೆ ಥ್ಯಾಂಕ್ಸ್ ಎಂದು ಬಾಯಿಬಿಟ್ಟು ಹೇಳಿ. ಮುಂದಿನ ಗುಂಪಿಗೆ ಇಲ್ಲ ಅನ್ನಲು ಅವರಿಗೆ ಧೈರ್ಯ ಬರಬೇಕಲ್ಲ.

ಇನ್ನೊಂದು ಮಾತು, ಇದು ನಮ್ಮ ಮನೆಯಂಗಳದ್ದು. ಓರಾ ನಮ್ಮ ಉಡದ ಕುಲದ್ದೇ, ಎರಡೂ ವರಾನಸ್. ಉಡವನ್ನು ಕೋಟೆ ಹತ್ತಿಸಿದ ಕಥೆ, ಉಡದ ಪಟ್ಟು ಎಂಬ ಮಾತು ನಮ್ಮ ನಾಲಿಗೆಯ ಮೇಲಿವೆ. ಪ್ರಾಣಿ ಮಾತ್ರ ಮಾಂಸಕ್ಕೆ, ಎಣ್ಣೆಗೆ, ಅದೃಷ್ಟದ ಬೇರೆಂದು ಮಾರುವ ‘ಹತ್ತಾ ಜೋಡಿ’ಗೆ ಸಾಯುತ್ತಿದೆ. ಅದು ಬೇರಲ್ಲ, ಗಂಡು ಉಡದ ಒಣಗಿಸಿದ ಜನನಾಂಗ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿಯಿರುವ ಪಟ್ಟಿಯಲ್ಲೇ ಉಡವೂ ಇದೆ; ಕೊಂದವರಿಗೆ ಕನಿಷ್ಠ ಮೂರು ವರ್ಷ ಸಜೆ. ಸಾವಿರಾರು ರೂಪಾಯಿ ಖರ್ಚು ಮಾಡಿ ಮಕ್ಕಳಿಗೆ ಓರಾ ತೋರಿಸುವ ನಾವು, ಅಜ್ಜಿ ಊರಿನ ಬೇಲಿಯಲ್ಲಿ ಉಡ ಹರಿದಾಗ ನಾಯಿ ಛೂ ಬಿಡುವವರನ್ನು ತಡೆಯಬೇಕು. ಯಾರಾದರೂ ಉಡ ಹಿಡಿದು ಮಾರುತ್ತಿರುವುದು ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಊರ ಹೆಸರು, ರಸ್ತೆ, ಹೊತ್ತು ಹೇಳಿದರೆ ಸಾಕು.