ಕಾರ್ಡ್ ಇದ್ದರೆ ಸಾಲದು, ಯಾದಿಯಲ್ಲಿ ಹೆಸರಿರಬೇಕು

ರಾಣೆಬೆನ್ನೂರಿನಲ್ಲಿ ಹುಟ್ಟಿ ಬ್ಯಾಡಗಿಗೆ ಸೊಸೆಯಾಗಿ ಬಂದ ಹೆಣ್ಣುಮಗಳ ಓಟು ಎಲ್ಲಿರುತ್ತದೆ? ರೇಷನ್ ಕಾರ್ಡಿನಲ್ಲಿ ಹೆಸರು ಗಂಡನ ಮನೆಗೆ ಬಂದಿರುತ್ತದೆ, ಆಧಾರ್ ವಿಳಾಸವೂ ಬದಲಾಗಿರುತ್ತದೆ. ಮತದಾರರ ಯಾದಿಯಲ್ಲಿ ಮಾತ್ರ ಆಕೆ ಎಷ್ಟೋ ವರ್ಷ ತವರಿನಲ್ಲೇ ಉಳಿದುಬಿಡುತ್ತಾಳೆ. ಕಾರ್ಡ್ ಹಿಡಿದು ಮತಗಟ್ಟೆಗೆ ಹೋದಾಗ ‘ಇಲ್ಲಿ ನಿಮ್ಮ ಹೆಸರಿಲ್ರೀ ಅಕ್ಕಾರ’ ಎಂಬ ಉತ್ತರ ಸಿಗುತ್ತದೆ. ಆವತ್ತು ಯಾರೂ ಏನೂ ಮಾಡಲಾಗದು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಜನರ ಬದುಕು ಒಂದರೊಳಗೊಂದು ಹೆಣೆದುಕೊಂಡಿದೆ. ನೌಕರಿ ಹಾವೇರಿಯಲ್ಲಿ, ಮನೆ ರಾಣೆಬೆನ್ನೂರಿನಲ್ಲಿ, ಮೆಣಸಿನಕಾಯಿ ಮಾರುವುದು ಬ್ಯಾಡಗಿಯಲ್ಲಿ. ಆದರೆ ವಿಧಾನಸಭೆಗೆ ಇವು ಮೂರೂ ಬೇರೆ ಬೇರೆ ಕ್ಷೇತ್ರ. ಲೋಕಸಭೆಗೆ ಮೂರೂ ಒಂದೇ, ಹಾವೇರಿ. ಶಿಗ್ಗಾವಿ ಕ್ಷೇತ್ರಕ್ಕೆ ಸೇರಿದ ಸವಣೂರಿನದು ಇನ್ನೊಂದು ತೊಡಕು: ಜಿಲ್ಲೆ ಹಾವೇರಿಯಾದರೂ ಲೋಕಸಭೆಗೆ ಧಾರವಾಡ. ಅಲ್ಲಿಂದ ಹಾವೇರಿಗೆ ಮನೆ ಬದಲಿಸಿದವರಿಗೆ ಶಾಸಕರಷ್ಟೇ ಅಲ್ಲ, ಸಂಸದರೂ ಬದಲಾಗುತ್ತಾರೆ.

ಹೀಗೆ ಮನೆ ಬದಲಿಸಿದವರು ತುಂಬಬೇಕಾದದ್ದು ನಮೂನೆ 8. ತಿದ್ದುಪಡಿಗೂ ಅದೇ. ಗೊತ್ತಿಲ್ಲದೆ ಎಷ್ಟೋ ಜನ ಹೊಸ ಮತದಾರರ ನಮೂನೆ 6 ತುಂಬಿ, ಹೆಸರು ಎರಡು ಕಡೆ ಬರುವಂತೆ ಮಾಡಿಕೊಳ್ಳುತ್ತಾರೆ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಇದನ್ನು ಒಪ್ಪುವುದಿಲ್ಲ. ಅರ್ಜಿಯಲ್ಲಿ ತಿಳಿದೂ ಸುಳ್ಳು ಬರೆದುಕೊಟ್ಟರೆ ಒಂದು ವರ್ಷದವರೆಗೆ ಜೈಲು.

ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗುವ ಕುಟುಂಬಗಳು ಇದೇ ಕಾಯ್ದೆಯ 20ನೇ ಕಲಮನ್ನು ಅಗತ್ಯವಾಗಿ ತಿಳಿದಿರಬೇಕು. ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಯಾರೂ ಆ ಊರಿನ ನಿವಾಸಿ ಅಲ್ಲದಂತಾಗುವುದಿಲ್ಲ ಎನ್ನುತ್ತದೆ ಅದು. ಹಾಗೆಯೇ, ಊರಲ್ಲಿ ಬರೀ ಮನೆ ಇದೆ ಎಂಬ ಕಾರಣಕ್ಕೆ ಅಲ್ಲಿನ ಮತದಾರರೂ ಆಗುವುದಿಲ್ಲ. ಸುಗ್ಗಿ ಮುಗಿಸಿ ದುಡಿಯಲು ಹೋಗಿ, ಮಳೆಗಾಲಕ್ಕೆ ಮರಳುವ ಕೂಲಿಕಾರನ ಮನೆಗೆ ಬೀಗ ಬಿದ್ದಿದೆಯೆಂದು ಅವನ ಹೆಸರು ತೆಗೆಯುವುದು ಅನ್ಯಾಯ. ಬೂತ್ ಮಟ್ಟದ ಅಧಿಕಾರಿ ಬಂದಾಗ ಪಕ್ಕದ ಮನೆಯವರು ‘ಅವರು ಊರು ಬಿಟ್ಟಾರ’ ಎಂದಷ್ಟೇ ಹೇಳದೆ, ಯಾವಾಗ ಬರುತ್ತಾರೆ ಎಂಬುದನ್ನೂ ಹೇಳಬೇಕು.

ಹೆಸರು ತೆಗೆಸುವುದು ಎಷ್ಟು ಸುಲಭದ ಸಂಚಾಗಬಹುದು ಎಂಬುದನ್ನು ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಕಂಡೆವು. 2023ರ ವಿಧಾನಸಭೆ ಚುನಾವಣೆಗೆ ಮೊದಲು ಅಲ್ಲಿ ಹೆಸರು ತೆಗೆಸುವ ನಮೂನೆ 7ರಲ್ಲಿ 6,018 ಅರ್ಜಿಗಳು ಆನ್‌ಲೈನ್ ಮೂಲಕ ಬಂದವು. ಮನೆಮನೆಗೆ ಹೋಗಿ ವಿಚಾರಿಸಿದಾಗ ಸರಿ ಎನಿಸಿದ್ದು 24 ಮಾತ್ರ. ಉಳಿದವು ತಿರಸ್ಕೃತವಾಗಿ ಆ ಹೆಸರುಗಳು ಉಳಿದವು. ಪರಿಶೀಲಿಸಿದ್ದರಿಂದ ಉಳಿದವು ಎಂಬುದನ್ನು ನಾವು ಮರೆಯಬಾರದು.

ಹೆಸರು ಸೇರಿಸಲು ಈಗ ವರ್ಷಕ್ಕೊಂದೇ ಅವಕಾಶವಲ್ಲ. 2022ರ ಆಗಸ್ಟ್‌ನಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಖು, ಹೀಗೆ ನಾಲ್ಕು ಅರ್ಹತಾ ದಿನಗಳಿವೆ. 17 ತುಂಬಿದವರು ಮುಂಚಿತವಾಗಿಯೇ ಅರ್ಜಿ ಕೊಡಬಹುದು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಯಾದಿ ಮುಟ್ಟುವಂತಿಲ್ಲ. ಆಕ್ಷೇಪಣೆಗೆ ಏಳು ದಿನ ಬಿಡಬೇಕಾದ್ದರಿಂದ, ಕೊನೆ ಗಳಿಗೆಯಲ್ಲಿ ಕೊಟ್ಟ ಅರ್ಜಿ ವ್ಯರ್ಥ.

ಯಾದಿಯಲ್ಲಿ ಹೆಸರಿದ್ದು ಮತದಾರರ ಗುರುತಿನ ಚೀಟಿ ಕಳೆದಿದ್ದರೆ ಗಾಬರಿ ಬೇಡ. ಆಧಾರ್, ಉದ್ಯೋಗ ಖಾತ್ರಿ ಜಾಬ್ ಕಾರ್ಡ್, ಫೋಟೊ ಇರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಅಂಗವಿಕಲರ ಯುಡಿಐಡಿ ಇಂಥವನ್ನು ಚುನಾವಣಾ ಆಯೋಗ ಒಪ್ಪುತ್ತದೆ. ಮನೆಗೆ ಬರುವ ಮತದಾರರ ಚೀಟಿ ಮಾತ್ರ 2019ರಿಂದ ಗುರುತಿನ ದಾಖಲೆಯಲ್ಲ. ಅದು ಮತಗಟ್ಟೆ, ಕ್ರಮಸಂಖ್ಯೆ ತಿಳಿಸುತ್ತದೆ, ಅಷ್ಟೆ.

ಇದನ್ನೆಲ್ಲ ಮೊಬೈಲಿನಲ್ಲಿ ನೋಡಿಕೊಳ್ಳಿ, ಸಹಾಯವಾಣಿ 1950ಕ್ಕೆ ಫೋನ್ ಮಾಡಿ ಎನ್ನುವುದು ಸುಲಭ. ಆದರೆ ಬೆಳಗಿನಿಂದ ಸಂಜೆವರೆಗೆ ಕೂತು ಮೆಣಸಿನಕಾಯಿ ತುಂಬು ಬಿಡಿಸುವ, ಬೆರಳಿನ ಉರಿ ರಾತ್ರಿಯೂ ಆರದ ಹೆಣ್ಣುಮಕ್ಕಳಿಗೆ ಆ ಪುರಸೊತ್ತು ಎಲ್ಲಿದೆ? ತಹಶೀಲ್ದಾರ್ ಕಚೇರಿಗೆ ಹೋಗಿಬಂದರೆ ಆವತ್ತಿನ ಕೂಲಿ ಹೋಗುತ್ತದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ವ್ಯಾಪಾರ ಸೋಮವಾರ ಮತ್ತು ಗುರುವಾರ ಜೋರು. ಆ ಎರಡು ದಿನ ಎಪಿಎಂಸಿ ಪ್ರಾಂಗಣದಲ್ಲೇ ಒಂದು ಮೇಜು ಹಾಕಿ, ಮೂರೂ ಕ್ಷೇತ್ರಗಳ ಯಾದಿ ಮತ್ತು ನಮೂನೆ 8 ಇಟ್ಟುಕೊಂಡು ಒಬ್ಬರು ಕೂತರೆ ಸಾಕು. ಈ ಕೆಲಸವನ್ನು ಜಿಲ್ಲಾಡಳಿತ ಚುನಾವಣೆ ಘೋಷಣೆಯಾಗುವ ಮೊದಲೇ ಮಾಡಬೇಕು.