ಭಂಡಾರ ಅಸಲಿಯೇ ಇರಲಿ

ದೀಪಾವಳಿ ಹತ್ತಿರ ಬಂದರೆ ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆಯ ಹಾಲುಮತದ ಮನೆಗಳಲ್ಲಿ ಹುಲಜಂತಿಯ ಮಾತು ಶುರುವಾಗುತ್ತದೆ. ಗಡಿಯಾಚೆ, ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲ್ಲೂಕಿನ ಆ ಊರಲ್ಲಿ ಮಹಾಲಿಂಗರಾಯನ ಜಾತ್ರೆ. ಪಲ್ಲಕ್ಕಿಗಳ ಭೇಟಿಯ ಹೊತ್ತಿಗೆ ಭಂಡಾರ, ಅಂದರೆ ಅರಿಷಿಣದ ಪುಡಿ, ಮುಗಿಲಿಗೆ ಹಾರುತ್ತದೆ. ಡೊಳ್ಳು, ಕಂಬಳಿ, ರುಮಾಲು, ಮೀಸೆ ಎಲ್ಲವೂ ಹಳದಿ. ಇತ್ತ ಅರಕೇರಿಯ ಅಮೋಘಸಿದ್ಧನಿಗೂ ಭಂಡಾರವೇ ಪ್ರಸಾದ; ಹಣೆಗೆ ಹಚ್ಚಿ, ಚಿಟಿಕೆ ಬಾಯಿಗೂ ಹಾಕಿಕೊಳ್ಳುವವರಿದ್ದಾರೆ.

ಮನೆಯೊಳಗೂ ಅರಿಷಿಣವಿಲ್ಲದೆ ಏನೂ ಸಾಗದು. ಮದುವೆಯ ಕಂಕಣಕ್ಕೆ ಅದರ ಕೊಂಬು, ಅಕ್ಕಿಕಾಳಿಗೆ ಅದರ ಬಣ್ಣ, ಉಡಿ ತುಂಬುವಾಗ ಕುಬಸದ ಕಣ, ಉತ್ತತ್ತಿ, ಅಡಿಕೆಯ ಜತೆಗೆ ಅರಿಷಿಣ ಬೇರು. ಕುಂಕುಮವೂ ಮೂಲದಲ್ಲಿ ಅರಿಷಿಣವೇ: ಸುಣ್ಣ ಬೆರೆತರೆ ಕೆಂಪಾಗುತ್ತದೆ. ಕೆಮ್ಮಿಗೆ ಬಿಸಿಹಾಲಿನಲ್ಲಿ, ಕುಡಗೋಲು ತಾಗಿದ ಬೆರಳಿಗೆ ಒಣಪುಡಿ. ಇಷ್ಟಾದರೂ ಇದು ದ್ರಾಕ್ಷಿ, ಜೋಳದ ಸೀಮೆ. ಅರಿಷಿಣ ಎಂಟೊಂಬತ್ತು ತಿಂಗಳು ನೀರು ಬೇಡುವ ಬೆಳೆ. ಅದರ ದೊಡ್ಡ ಪೇಟೆ ಸಾಂಗ್ಲಿ. ಅಲ್ಲಿನ ಅರಿಷಿಣಕ್ಕೆ 2018ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ.

ಗಾಯಕ್ಕೆ ಅರಿಷಿಣ ಹಚ್ಚುವ ಈ ಅಜ್ಜಿಮದ್ದಿಗೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು! ಭಾರತದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ಸಂಸ್ಕೃತ ಗ್ರಂಥಗಳನ್ನೂ 1953ರ ಒಂದು ವೈದ್ಯಕೀಯ ಲೇಖನವನ್ನೂ ಮುಂದಿಟ್ಟು ಹೋರಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು.

ಪರದೇಶದಲ್ಲಿ ಗೆದ್ದೆವು, ಪೇಟೆಯಲ್ಲಿ ಸೋಲುತ್ತಿದ್ದೇವೆ. ಕಣ್ಣು ಕುಕ್ಕುವ ಹಳದಿಗಾಗಿ ಪುಡಿಗೆ ಮೆಟಾನಿಲ್ ಯೆಲ್ಲೋ, ಸೀಸದ ಕ್ರೋಮೇಟ್ ಬೆರೆಸುವ ದಂಧೆ ಹೊಸದಲ್ಲ. ಸೀಸ ಮಕ್ಕಳ ಮಿದುಳಿಗೆ ವಿಷ. ಬಾಂಗ್ಲಾದೇಶದಲ್ಲಿ 2019ರಲ್ಲಿ ಪರೀಕ್ಷಿಸಿದ ಮಾದರಿಗಳ ಪೈಕಿ ಶೇ 47ರಲ್ಲಿ ಸೀಸವಿತ್ತು. ದಾಳಿ, ದಂಡ, ಪ್ರಚಾರದ ಬಳಿಕ 2021ಕ್ಕೆ ಅದು ಸೊನ್ನೆಗಿಳಿಯಿತು. ಮನಸ್ಸು ಮಾಡಿದರೆ ಆಗುವ ಕೆಲಸವೇ ಇದು.

ಅಡುಗೆಗೆ ಬಳಸುವುದು ಚಮಚದ ಲೆಕ್ಕ, ಜಾತ್ರೆಗೆ ಚೀಲದ ಲೆಕ್ಕ. ‘ತೂರುವುದಕ್ಕೆ ತಾನೇ’ ಎಂದು ಅಗ್ಗದ ಪುಡಿ ತಂದರೆ ಅದು ಡೊಳ್ಳು ಬಾರಿಸುವವರ ಎದೆಗೂ ಹೆಗಲೇರಿದ ಕೂಸಿನ ಕಣ್ಣಿಗೂ ಇಳಿಯುತ್ತದೆ. ಜಾತ್ರಾ ಸಮಿತಿಗಳು ಬೆಳೆಗಾರರಿಂದಲೇ ಕೊಂಬು ಕೊಂಡು, ಊರಿನ ಗಿರಣಿಯಲ್ಲಿ ಬೀಸಿಸಲಿ. ಆಹಾರ ಸುರಕ್ಷತಾ ಅಧಿಕಾರಿಗಳು ಹಬ್ಬಕ್ಕೆ ಮೊದಲೇ ಅಂಗಡಿಗಳಿಂದ ಮಾದರಿ ಎತ್ತಲಿ. ಭಕ್ತರು ಒಂದು ಲೋಟ ನೀರಿಗೆ ಚಮಚ ಪುಡಿ ಹಾಕಿ ನೋಡಲಿ: ಅಸಲಿಯಾದರೆ ತಳಕ್ಕಿಳಿಯುತ್ತ ತಿಳಿಹಳದಿ ಬಿಡುತ್ತದೆ. ನೀರು ಗಾಢ ಹಳದಿಗೆ ತಿರುಗಿದರೆ ಆ ಪೊಟ್ಟಣವನ್ನು ಅಂಗಡಿಗೇ ಮರಳಿಸಿ, ದೂರನ್ನೂ ಕೊಡಲಿ.