ನಂದಿಗೆ ಮೊದಲು ಹೆಸರಘಟ್ಟ

ಮಳೆ ನಿಂತು ಚಳಿ ಶುರುವಾಗೋ ಹೊತ್ತಿಗೆ ನನ್ನ ಇನ್‌ಬಾಕ್ಸಿಗೆ ಪ್ರತಿ ವರ್ಷ ಒಂದೇ ಥರದ ಪ್ರಶ್ನೆ ಬರುತ್ತೆ. "ಮೇಡಂ, ನಂದಿ ಹತ್ತಬೇಕು ಅಂತ ಆಸೆ, ಯಾವ ಸೈಕಲ್ ತಗೊಳ್ಳಲಿ?" ಸೈಕಲ್ ಯಾವುದಾದರೂ ಆಗುತ್ತೆ, ನಿಮ್ಮ ಅಳತೆಗೆ ಸರಿಹೋದರೆ ಸಾಕು. ಮೊದಲ ಮೂರು ತಿಂಗಳು ಅದನ್ನ ಯಾವ ರಸ್ತೆಯಲ್ಲಿ ಓಡಿಸ್ತೀರಿ ಅನ್ನೋದೇ ಮುಖ್ಯ. ಈ ವಿಷಯದಲ್ಲಿ ನಾನು ಒಬ್ಬನನ್ನ ಕೆಡಿಸಿದ್ದೀನಿ. ಆ ಕತೆಯನ್ನೇ ಮೊದಲು ಹೇಳಿಬಿಡ್ತೀನಿ.

ನನ್ನ ತಮ್ಮನಿಗೆ ಇಪ್ಪತ್ತೊಂಬತ್ತು. ರಾತ್ರಿ ಪಾಳಿಯ ಕೆಲಸ, ಬೆಳಗಿನ ಜಾವಕ್ಕೆ ಪರೋಟ, ಹಗಲೆಲ್ಲ ನಿದ್ದೆ. ಎರಡು ವರ್ಷದ ಹಿಂದೆ ಕಂಪನಿಯ ಹೆಲ್ತ್ ಚೆಕಪ್‌ನಲ್ಲಿ ಎಚ್‌ಬಿಎ1ಸಿ 6.2 ಅಂತ ಬಂತು. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೀವಿ ಅಂತ ಲೆಕ್ಕ. ನಮ್ಮಪ್ಪ ಅದೇ ಕಾಯಿಲೆಯಿಂದ ಎಡಗಾಲಿನ ಎರಡು ಬೆರಳು ಕಳಕೊಂಡವರು. ರಿಪೋರ್ಟು ಕೈಯಲ್ಲಿ ಹಿಡಿದು ತಮ್ಮ ಏನೂ ಮಾತಾಡಲಿಲ್ಲ. ಆ ವಾರದಲ್ಲೇ ಒಂದು ರೋಡ್ ಸೈಕಲ್ ತಂದ.

ಮೂರನೇ ಭಾನುವಾರ ನಾನು ಅವನನ್ನ ನಂದಿಗೆ ಕರಕೊಂಡು ಹೋದೆ. ನನಗಾಗ ನಂದಿ ಅಂದರೆ ವಾರದ ಪೂಜೆ ಇದ್ದ ಹಾಗೆ. ಯಲಹಂಕದಿಂದ ಬೆಟ್ಟದ ಬುಡ ಮುಟ್ಟೋದಕ್ಕೇ ನಲವತ್ತರ ಹತ್ತಿರ ಕಿಲೋಮೀಟರ್ ಆಗಿರುತ್ತೆ. ಅವನು ಒಂದು ಲೋಟ ಕಾಫಿ ಕುಡಿದು ಬಂದಿದ್ದ, ಅಷ್ಟೆ. ಬೆಟ್ಟದ ರಸ್ತೆ ಅರ್ಧ ದಾಟಿದ ಮೇಲೆ ಒಂದು ತಿರುವಿನಲ್ಲಿ ಇಳಿದ. ವಾಂತಿ ಆಯ್ತು. ಕಟ್ಟೆ ಮೇಲೆ ಕೂತು, "ಅಕ್ಕಾ, ನನ್ ಕೈಲಿ ಆಗಲ್ಲ. ನೀನು ಹೋಗು" ಅಂದ.

ನಾನು ಹೋದೆ. ಮೇಲೆ ಹೋಗಿ ಫೋಟೋನೂ ತಗೊಂಡೆ. ಇಳಿದು ಬಂದಾಗ ಕಟ್ಟೆ ಮೇಲೆ ಅವನಿಲ್ಲ. ಮೇಲಿನ ಅಂಗಡಿಗಳಿಗೆ ಸಾಮಾನು ಹಾಕಿ ಬರ್ತಿದ್ದ ಗೂಡ್ಸ್ ಆಟೋದಲ್ಲಿ ಸೈಕಲ್ ಸಮೇತ ಇಳಿದು ಹೋಗಿದ್ದ. ಅದಾದ ಮೇಲೆ ಏಳು ತಿಂಗಳು ಆ ಸೈಕಲ್ ಬಾಲ್ಕನಿಯಲ್ಲಿತ್ತು. ಅಮ್ಮ ಅದರ ಹ್ಯಾಂಡಲ್ ಮೇಲೆ ಟವೆಲ್ ಒಣಗಿಹಾಕ್ತಿದ್ದರು.

ಅವತ್ತಿನ ಲೆಕ್ಕವನ್ನ ಈಗ ಕೂತು ಹಾಕಿದರೆ ನನ್ನ ತಪ್ಪು ಸರಿಯಾಗಿ ಕಾಣುತ್ತೆ. ನಂದಿ ಏರು ಏಳು-ಎಂಟು ಕಿಲೋಮೀಟರ್, ಅಷ್ಟರಲ್ಲಿ ನಾನೂರು ಮೀಟರಿಗೂ ಹೆಚ್ಚು ಎತ್ತರ ಹತ್ತಬೇಕು. ನೂರು ಮೀಟರ್ ಮುಂದೆ ಹೋದರೆ ಐದು ಮೀಟರಿಗೂ ಮೇಲೆ ಏರಿದ ಹಾಗೆ. ಅದು ಸರಾಸರಿ. ತುದಿಯ ಕೆಲವು ತಿರುವುಗಳು ಅದಕ್ಕಿಂತ ಎಷ್ಟೋ ಕಡಿದು. ಮೇಲೆ ಸಮುದ್ರಮಟ್ಟದಿಂದ 1478 ಮೀಟರ್. ತಮ್ಮನ ಸೈಕಲ್ಲಿನಲ್ಲಿ ಮುಂದಿನ ಚಿಕ್ಕ ಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡ ಚಕ್ರಕ್ಕೆ 28 ಹಲ್ಲು. ಹೊಸಬರು ಆ ಏರಿನಲ್ಲಿ ಗಂಟೆಗೆ 8 ಕಿ.ಮೀ. ಹೋದರೆ ದೊಡ್ಡದು. ಆ ಗೇರಿನಲ್ಲಿ ಆ ವೇಗಕ್ಕೆ ಪೆಡಲು ನಿಮಿಷಕ್ಕೆ 52 ಸುತ್ತು ತಿರುಗುತ್ತೆ. ಅಂದರೆ ಪ್ರತಿ ತುಳಿತವೂ ಮೆಟ್ಟಿಲ ಮೇಲೆ ಗ್ಯಾಸ್ ಸಿಲಿಂಡರ್ ಹೊತ್ತಂಗೆ. ಹಿಂದೆ 34 ಹಲ್ಲಿನದು ಹಾಕಿದ್ದರೆ ಅದೇ ವೇಗಕ್ಕೆ 63 ಸುತ್ತು ಆಗ್ತಿತ್ತು, ಮಂಡಿಗೆ ಎಷ್ಟೋ ಹಗುರ. ಹೊಸ ಸೈಕಲ್ ಕೊಳ್ಳುವಾಗ ಬಣ್ಣ ಆಮೇಲೆ ನೋಡಿ, ಮೊದಲು ಹಿಂದಿನ ಹಲ್ಲು ಎಣಿಸಿ.

ಹೊಟ್ಟೆಯದ್ದು ಇನ್ನೊಂದು ಲೆಕ್ಕ. ಜೋರಾಗಿ ತುಳಿದರೆ ಮೈಯಲ್ಲಿರೋ ಸಕ್ಕರೆಯ ದಾಸ್ತಾನು ಒಂದೂವರೆ-ಎರಡು ಗಂಟೆಯಲ್ಲಿ ತಳ ಕಾಣುತ್ತೆ. ಬರೀ ಕಾಫಿ ಮೇಲೆ ನಲವತ್ತು ಕಿಲೋಮೀಟರ್ ಬಂದವನಿಗೆ ಬೆಟ್ಟದ ಬುಡದಲ್ಲೇ ದಾಸ್ತಾನು ಮುಗಿದಿತ್ತು. ಅವನ ಧೈರ್ಯಕ್ಕೂ ವಾಂತಿಗೂ ಏನೂ ಸಂಬಂಧ ಇರಲಿಲ್ಲ. ಆದರೆ ಅವನು ತಿಳಕೊಂಡದ್ದು, "ನಾನು ಇದಕ್ಕೆಲ್ಲ ಆಗೋನಲ್ಲ" ಅಂತ.

ಏಳು ತಿಂಗಳ ಮೇಲೆ ಮತ್ತೆ ರಕ್ತ ಪರೀಕ್ಷೆ ಆಯ್ತು, 6.3. ಅವತ್ತು ರಾತ್ರಿ ನಾನು ಅವನ ರೂಮಿಗೆ ಹೋಗಿ ತಪ್ಪಾಯ್ತು ಅಂದೆ. "ಬಿಡಕ್ಕ" ಅಂದ. ಆ ಶನಿವಾರ ಟವೆಲ್ ತೆಗೆದು ಟಯರಿಗೆ ಗಾಳಿ ಹಾಕಿದ್ವಿ.

ಈ ಸಲ ಹೆಸರಘಟ್ಟ. ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಕಟ್ಟಿದ ಕೆರೆ, ಒಂದು ಕಾಲಕ್ಕೆ ಬೆಂಗಳೂರಿಗೆ ಕೊಳಾಯಿ ನೀರು ಇಲ್ಲಿಂದಲೇ ಬರ್ತಿತ್ತು. ಅದರ ಪಕ್ಕದ ಹುಲ್ಲುಗಾವಲು ನಗರದ ಸುತ್ತ ಉಳಿದಿರೋ ದೊಡ್ಡ ಬಯಲುಗಳಲ್ಲೊಂದು. ಹೆಸರಘಟ್ಟದಿಂದ ಕಾಕೋಳು ದಾಟಿ ರಾಜಾನುಕುಂಟೆ ಕಡೆ ಹೋಗೋ ರಸ್ತೆ ಹೊಸಬರಿಗೆ ಅಂತಲೇ ಹಾಸಿದ ಹಾಗಿದೆ. ಪೂರ್ತಿ ಮಟ್ಟಸವೂ ಅಲ್ಲ, ಬೆಟ್ಟವೂ ಅಲ್ಲ. ಸಣ್ಣ ದಿಣ್ಣೆ, ಸಣ್ಣ ತಗ್ಗು, ಮಧ್ಯೆ ರಾಗಿ ಹೊಲ, ದ್ರಾಕ್ಷಿ ಚಪ್ಪರ. ಒಂದು ಇಳಿಜಾರಿನಲ್ಲಿ ಸಿಕ್ಕ ವೇಗ ಮುಂದಿನ ಏರಿನ ಅರ್ಧಕ್ಕೆ ಒಯ್ಯುತ್ತೆ. ಗೇರು ಯಾವಾಗ ಬದಲಿಸಬೇಕು ಅನ್ನೋದನ್ನ ಇಂಥ ರಸ್ತೆಯೇ ಕಲಿಸೋದು. ಏರು ಕಾಲಿಗೆ ಭಾರ ಅನ್ನಿಸೋ ಮುಂಚೆಯೇ ಬದಲಿಸಬೇಕು. ಅನ್ನಿಸಿದ ಮೇಲೆ ಬದಲಿಸಿದರೆ ಚೈನು ಕರಕರ ಅಂತ ಬೈಯುತ್ತೆ.

ಆ ದಿನಗಳಲ್ಲಿ ನಮ್ಮದು ಒಂದೇ ನಿಯಮ: ಪೂರ್ತಿ ವಾಕ್ಯ ಮಾತಾಡೋಕೆ ಆಗಬೇಕು. ಏದುಸಿರು ಬಂದು ಮಾತು ಅರ್ಧಕ್ಕೆ ನಿಂತರೆ ನಿಧಾನ ಮಾಡೋದು. ತಮ್ಮ ಆ ರಸ್ತೆಯಲ್ಲಿ ನನಗೆ ಅವನ ಆಫೀಸಿನ ರಾಜಕೀಯ ಅಷ್ಟನ್ನೂ ಹೇಳಿ ಮುಗಿಸಿದ. ಎಂಟು ಭಾನುವಾರ ಬರೀ ಅದೇ ದಾರಿ. ಬೇಜಾರಾಗಲ್ವಾ ಅಂತ ಕೇಳಬೇಡಿ. ಒಂದೇ ದಾರಿಯಲ್ಲಿ ಹೋದರೆ ತಾನೇ ಕಳೆದ ವಾರ ಇಳಿದು ತಳ್ಳಿದ ದಿಣ್ಣೆಯನ್ನ ಈ ವಾರ ಕೂತೇ ಹತ್ತಿದ್ದು ಗೊತ್ತಾಗೋದು?

ದಾರಿ ಎಷ್ಟು ಕಷ್ಟ ಅಂತ ಮೊದಲೇ ತಿಳಿಯೋಕೆ ಒಂದು ಸುಲಭದ ಲೆಕ್ಕ ಇದೆ. ಮೊಬೈಲಿನ ಮ್ಯಾಪ್ ಆ್ಯಪಿನಲ್ಲಿ ದಾರಿ ಹಾಕಿದರೆ ಒಟ್ಟು ಎಷ್ಟು ಮೀಟರ್ ಏರು ಅಂತ ತೋರಿಸುತ್ತೆ. ಅದನ್ನ ಕಿಲೋಮೀಟರಿನಿಂದ ಭಾಗಿಸಿ. ಐದರ ಒಳಗೆ ಬಂದರೆ ಮಟ್ಟಸ ಅನ್ನಬಹುದು. ಹತ್ತರ ಆಸುಪಾಸು ಅಂದರೆ ಏರಿಳಿತದ ಹಳ್ಳಿಗಾಡು: 40 ಕಿ.ಮೀ.ಗೆ 400 ಮೀಟರ್. ಹದಿನೈದು ದಾಟಿದರೆ ಬೆಟ್ಟದ ದಾರಿ, ಹೊಸಬರು ಕೈಮುಗಿದು ವಾಪಸ್ ಬರಬಹುದು. ಈ ಲೆಕ್ಕಕ್ಕೂ ಮೋಸ ಹೋಗೋದಿದೆ. ನಂದಿಯಲ್ಲಿ ಏರೆಲ್ಲ ಒಂದೇ ಕಡೆ ರಾಶಿ ಬಿದ್ದಿರುತ್ತೆ, ಸರಾಸರಿ ನೋಡಿದರೆ ಅದು ಕಾಣಲ್ಲ. ಅದಕ್ಕೇ ಏರಿನ ಚಿತ್ರವನ್ನೂ ನೋಡಿ. ಗರಗಸದ ಹಲ್ಲಿನ ಹಾಗಿದ್ದರೆ ಒಳ್ಳೇದು, ಗೋಡೆಯ ಹಾಗಿದ್ದರೆ ಯೋಚನೆ ಮಾಡಿ.

ಹೆಸರಘಟ್ಟದಲ್ಲಿ ಕಾಲು ಕೂತ ಮೇಲೆ ಎರಡನೇ ಮೆಟ್ಟಿಲು. ಬೆಂಗಳೂರಿನ ಉತ್ತರದವರಿಗೆ ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯ, ಅಲ್ಲಿಂದ ಮಾಕಳಿದುರ್ಗದ ಕಡೆಯ ದಾರಿ. ಪಶ್ಚಿಮ, ದಕ್ಷಿಣದವರಿಗೆ ದೊಡ್ಡ ಆಲದಮರದಿಂದ ಮಂಚನಬೆಲೆ. ನನಗೆ ಎರಡನೆಯದರ ಮೇಲೆ ಸ್ವಲ್ಪ ಪಕ್ಷಪಾತ. ಮೂರು ಎಕರೆ ಹರಡಿರೋ ಆ ಆಲದ ಹತ್ತಿರ ಸೈಕಲ್ ಜೋಡಿಸಿಕೊಂಡು ಹೊರಟರೆ, ಆಮೇಲೆ ಸಿಗೋದೆಲ್ಲ ಬಂಡೆ, ತೋಟ, ಅರ್ಕಾವತಿಯ ಅಣೆಕಟ್ಟು, ದೂರದಲ್ಲಿ ಸಾವನದುರ್ಗದ ಬೋಳು ತಲೆ. ಆದರೆ ಅಣೆಕಟ್ಟಿನ ಕಡೆ ಇಳಿಯುವಾಗ ಸಿಗೋ ಸುಖವನ್ನೆಲ್ಲ ವಾಪಸ್ ಬರುವಾಗ ಬಡ್ಡಿ ಸಮೇತ ವಸೂಲಿ ಮಾಡುತ್ತೆ. ಉದ್ದ ಕಮ್ಮಿ, ಕಡಿದು ಜಾಸ್ತಿ. ಇಳಿಯೋ ಮುಂಚೆ ಹತ್ತಬೇಕಾದ್ದನ್ನ ನೆನಪಿಟ್ಟುಕೊಳ್ಳಿ, ನೀರು ಅರ್ಧ ಬಾಟಲಿಯಾದರೂ ಉಳಿಸಿ.

ಮೈಸೂರಿನವರು ಹೊಟ್ಟೆಕಿಚ್ಚು ಪಡಬೇಕಾಗಿಲ್ಲ. ಶ್ರೀರಂಗಪಟ್ಟಣ, ರಂಗನತಿಟ್ಟಿನ ಕಡೆಯ ನಾಲೆ ಬಯಲು ಮೊದಲ ಮೆಟ್ಟಿಲಿಗೆ, ಮೇಲುಕೋಟೆ ಎರಡನೆಯದಕ್ಕೆ, ಚಾಮುಂಡಿ ಬೆಟ್ಟ ಮನೆ ಬಾಗಿಲಲ್ಲೇ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಮಾತ್ರ ಸೈಕಲ್ ಇಳಿಸಬೇಡಿ. 2023ರ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರ್ ಜೊತೆ ಮೋಟಾರಿಲ್ಲದ ಗಾಡಿಗಳಿಗೂ ಅಲ್ಲಿ ನಿಷೇಧ. ಸರ್ವಿಸ್ ರಸ್ತೆಯೇ ಗತಿ.

ಈಗ ಒಂದು ಮುಖ್ಯ ವಿಷಯ. ಎಲ್ಲರೂ ಏರಿಗೆ ಹೆದರ್ತಾರೆ. ಏರಿನಲ್ಲಿ ಸೋತರೆ ಕಟ್ಟೆ ಮೇಲೆ ಕೂರಬಹುದು, ನನ್ನ ತಮ್ಮನ ಹಾಗೆ. ಇಳಿಜಾರಿನಲ್ಲಿ ಸೋತರೆ ಆಸ್ಪತ್ರೆ. ಬ್ರೇಕನ್ನ ತಿರುವಿನ ಮುಂಚೆಯೇ, ಸೈಕಲ್ ನೆಟ್ಟಗಿದ್ದಾಗಲೇ, ಎರಡೂ ಕೈಯಲ್ಲಿ ಹಿಡಿದು ವೇಗ ಇಳಿಸಿ. ವಾಲಿದ ಮೇಲೆ ಅದುಮಬೇಡಿ. ಕಣ್ಣು ಗುಂಡಿಯ ಮೇಲೆ ನೆಟ್ಟರೆ ಸೈಕಲ್ ಗುಂಡಿಗೇ ಹೋಗುತ್ತೆ, ತಿರುವಿನ ಆಚೆ ಬದಿಯನ್ನ ನೋಡಿ. ನಂದಿಯಲ್ಲಂತೂ ವಾರಾಂತ್ಯದ ಬೆಳಿಗ್ಗೆ ಕಾರು, ಬೈಕುಗಳು ಸೂರ್ಯೋದಯ ತಪ್ಪಿಹೋಗುತ್ತೆ ಅಂತ ನಿಮ್ಮ ಬದಿಗೇ ನುಗ್ಗಿ ಬರ್ತಾವೆ. ತಿರುವನ್ನ ಕೊಯ್ದು ಬಲಕ್ಕೆ ಹೋಗೋ ಆಸೆ ಬೇಡ.

ನಮ್ಮ ಕಡೆಯ ರಸ್ತೆಗೇ ವಿಶೇಷವಾದ ಇನ್ನೊಂದು ಅಪಾಯ ಇದೆ, ಯಾವ ವಿದೇಶಿ ವಿಡಿಯೋದಲ್ಲೂ ಸಿಗಲ್ಲ. ಡಿಸೆಂಬರ್, ಜನವರಿಯಲ್ಲಿ ಹಳ್ಳಿಯವರು ರಾಗಿ ತೆನೆ, ಹುರುಳಿ ಬಳ್ಳಿಯನ್ನ ರಸ್ತೆ ಮೇಲೇ ಹರಡಿರ್ತಾರೆ. ಓಡಾಡೋ ಗಾಡಿಗಳಿಂದಲೇ ಒಕ್ಕಣೆ. ಬಸ್ಸಿಗೆ ಅದು ಏನೂ ಅಲ್ಲ. ಎರಡು ಬೆರಳಗಲದ ಟಯರಿಗೆ ಅದು ಎಣ್ಣೆ ಸುರಿದ ನೆಲ. ಘಾಟಿ ದಾರಿಯಲ್ಲಿ ಒಮ್ಮೆ ಹುರುಳಿ ಮೇಲೆ ಬ್ರೇಕ್ ಹಿಡಿದು ಮೊಣಕೈ ತರಚಿಸಿಕೊಂಡಿದ್ದೀನಿ. ಒಕ್ಕಣೆ ಮಾಡ್ತಿದ್ದ ಅಜ್ಜಿ ಓಡಿಬಂದು, ಮೊದಲು ನನ್ನನ್ನ ಎಬ್ಬಿಸಿ, ಆಮೇಲೆ ಹುರುಳಿ ಚೆಲ್ಲಿದ್ದಕ್ಕೆ ಬೈದರು. ಎರಡೂ ನ್ಯಾಯವೇ. ದೂರದಿಂದಲೇ ಕಂಡರೆ ವೇಗ ಇಳಿಸಿ, ಹ್ಯಾಂಡಲ್ ತಿರುಗಿಸದೆ, ಬ್ರೇಕ್ ಮುಟ್ಟದೆ ನೆಟ್ಟಗೆ ದಾಟಿ. ಇಲ್ಲಾಂದ್ರೆ ಇಳಿದು ತಳ್ಳಿ. ನಾಯಿಗೂ ಅಷ್ಟೇ: ಓಡಿಸಿಕೊಂಡು ಬಂದರೆ ಇಳಿದು, ಸೈಕಲ್ಲನ್ನ ನಡುವೆ ಇಟ್ಟುಕೊಂಡು ನಡೀರಿ. ಬಹುಪಾಲು ನಾಯಿಗಳಿಗೆ ನಡೆಯೋ ಮನುಷ್ಯನ ಮೇಲೆ ಆಸಕ್ತಿ ಹೋಗಿಬಿಡುತ್ತೆ.

ಮೂರನೇ ಮೆಟ್ಟಿಲು ನಂದಿ. ಅದರಾಚೆಗೆ ಹೋಗೋ ಹುಚ್ಚಿರೋರಿಗೆ ಮಸಿನಗುಡಿಯಿಂದ ಊಟಿಗೆ ಹತ್ತೋ ಕಲ್ಹಟ್ಟಿ ಘಾಟಿಯ 36 ಹಿಮ್ಮುರಿ ತಿರುವುಗಳಿವೆ. ಎತ್ತರಕ್ಕಿಂತ ದೂರ ಇಷ್ಟ ಅನ್ನೋರಿಗೆ ಬ್ರೆವೆ ಸವಾರಿಗಳಿವೆ. 200 ಕಿ.ಮೀ.ಯನ್ನ ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು, ಪಂಕ್ಚರ್, ಇಡ್ಲಿ, ನಿದ್ದೆ ಎಲ್ಲ ಸೇರಿ. ಅಲ್ಲಿ ಯಾರೂ ಮೊದಲಿಗರಲ್ಲ. ಸಮಯದೊಳಗೆ ಮುಗಿಸಿದವರೆಲ್ಲ ಸಮ. ಅದರ ಬಗ್ಗೆ ಇನ್ನೊಂದು ವಾರ ಬರೀತೀನಿ.

ತಮ್ಮ ಈಗ ಎರಡನೇ ಮೆಟ್ಟಿಲಲ್ಲಿದ್ದಾನೆ. ಹಿಂದಿನ ಚಕ್ರ 34 ಹಲ್ಲಿನದಾಗಿದೆ. ಜೇಬಲ್ಲಿ ಬಾಳೆಹಣ್ಣು, ಕಡ್ಲೆ ಚಿಕ್ಕಿ, ಮುಕ್ಕಾಲು ಗಂಟೆಗೊಮ್ಮೆ ಹಸಿವಿಲ್ಲದಿದ್ದರೂ ಒಂದು ತುಂಡು. ರಾತ್ರಿ ಪಾಳಿ ಇನ್ನೂ ಬಿಟ್ಟಿಲ್ಲ, ಪರೋಟ ಬಿಟ್ಟಿದ್ದಾನೆ. ಕಳೆದ ತಿಂಗಳ ರಿಪೋರ್ಟಿನಲ್ಲಿ 5.9. ಡಾಕ್ಟರು ಖುಷಿಪಟ್ಟರಂತೆ, ಆದರೆ ಆರು ತಿಂಗಳಿಗೆ ಮತ್ತೆ ಬಾ ಅಂದಿದ್ದಾರಂತೆ. ಅಪ್ಪ ರಿಪೋರ್ಟನ್ನ ಎರಡು ಸಲ ಓದಿ, ಮಡಿಸಿ, ತಮ್ಮ ಇನ್ಶೂರೆನ್ಸ್ ಕಾಗದ ಇಡೋ ಡಬ್ಬಿಯಲ್ಲಿ ಇಟ್ಟರು.

ನಂದಿ ವಿಷಯ ನಾನಾಗಿ ಎತ್ತಿರಲಿಲ್ಲ. ಎತ್ತೋ ಮುಖವೂ ಇರಲಿಲ್ಲ. ಮೊನ್ನೆ ಬುಧವಾರ ರಾತ್ರಿ ಎರಡು ಗಂಟೆಗೆ, ಪಾಳಿಯ ಮಧ್ಯೆ, ಅವನಿಂದಲೇ ಮೆಸೇಜ್ ಬಂತು. "ಭಾನುವಾರ ನಂದಿ. ದೇವನಹಳ್ಳಿವರೆಗೂ ಕಾರಲ್ಲಿ ಹೋಗೋಣ. ಇಡ್ಲಿ ತಿಂದು ಹೊರಡೋಣ."

ಅದರ ಕೆಳಗೆ ಇನ್ನೊಂದು ಸಾಲು: "ಈ ಸಲ ನೀನು ನನ್ನ ಹಿಂದೆ ಬಾ."